ಮಂಡೆಯೊಳಗಿನ ಗೋಡೆ, ಹಂಪನಕಟ್ಟೆಯ ಬಸ್ಸು

ಆ ದಿವಸ ಬೆಳಿಗ್ಗೆ ನಮ್ಮ ರೇಡಿಯಾಲಜಿ ಮೇಡಂ ಬಾಗಿಲಲ್ಲೇ ನಿಂತು, "ಇವತ್ತು ಒಂದು ವೆಸೆಲ್ ವಾಲ್ ಸ್ಟಡಿ ಉಂಟು. ಯಾರು ಮಾಡ್ತೀರಿ?" ಅಂತ ಕೇಳಿದ್ರು. ಎಂಆರ್‌ಐ ಕನ್ಸೋಲ್ ರೂಮಿನಲ್ಲಿ ಇದ್ದದ್ದು ನಾನೊಬ್ಬನೇ. ಆದ್ರೂ ಕೈ ಎತ್ತಿದೆ. ಶಾಲೆಯಲ್ಲಿ ಯಾವತ್ತೂ ಕೈ ಎತ್ತದವನು, ಸಿಕ್ಕಿದ ಒಂದು ಚಾನ್ಸ್ ಬಿಡ್ಲಿಕ್ಕುಂಟಾ?

ಮೇಡಂ ಎತ್ತಿದ ಕೈಯನ್ನು ಒಂದು ಸಲ ನೋಡಿದ್ರು. "ಪ್ರೋಟೋಕಾಲ್ ಒಮ್ಮೆ ಸರಿಯಾಗಿ ಓದಿ ಇಟ್ಕೊ" ಅಂತ ಹೇಳಿ ಹೋದ್ರು.

ಗೊತ್ತಿಲ್ಲದವರಿಗೆ ಹೇಳ್ತೇನೆ. ಸಾಧಾರಣ ಆಂಜಿಯೋಗ್ರಾಂನಲ್ಲಿ ಕಾಣುದು ರಕ್ತ ಮಾತ್ರ. ಮೆದುಳಿನ ನಾಳದಲ್ಲಿ ರಕ್ತ ಹೋಗುವ ದಾರಿ ಬೆಳ್ಳಗೆ ಕಾಣ್ತದೆ. ಎಲ್ಲಿ ಆ ಬಿಳಿ ಗೆರೆ ಸಪೂರ ಆಯ್ತೋ ಅಲ್ಲಿ ನಾಳ ಸಪೂರ ಅಂತ ಲೆಕ್ಕ. ಆದ್ರೆ ಎಂತಕ್ಕೆ ಸಪೂರ ಆಯ್ತು ಅಂತ ಅದು ಹೇಳುದಿಲ್ಲ. ಮನೆಯ ನಳ್ಳಿಯಲ್ಲಿ ನೀರು ಸಣ್ಣ ಬಂದ್ರೆ ಪೈಪಿನೊಳಗೆ ಒಂದು ಬದಿ ಕೊಳೆ ಕಟ್ಟಿದ್ದಾ, ಅಲ್ಲ ಪೈಪೇ ಸುತ್ತಲೂ ಹಾಳಾದದ್ದಾ ಅಂತ ಬಕೆಟ್ ನೋಡಿ ಹೇಳ್ಲಿಕ್ಕೆ ಆಗ್ತದಾ? ಪೈಪನ್ನೇ ನೋಡ್ಬೇಕು. ವೆಸೆಲ್ ವಾಲ್ ಅಂದ್ರೆ ಅದು. ಓಡುವ ರಕ್ತವನ್ನು ಚಿತ್ರದಲ್ಲಿ ಕಪ್ಪು ಮಾಡ್ತೇವೆ, ಮೆದುಳಿನ ಸುತ್ತ ಇರುವ ನೀರನ್ನೂ ಕಪ್ಪು ಮಾಡ್ತೇವೆ. ನಡುವೆ ನಾಳದ ಗೋಡೆ ಮಾತ್ರ ಬೂದಿ ಬಣ್ಣದಲ್ಲಿ ಉಳಿತದೆ. ಆ ಗೋಡೆ ಒಂದು ಮಿಲ್ಲಿಮೀಟರ್ ದಪ್ಪ ಸಹ ಇಲ್ಲ ಮಾರಾಯ್ರೆ. ಆಮೇಲೆ ಕೈಯ ನರಕ್ಕೆ ಕಾಂಟ್ರಾಸ್ಟ್ ಮದ್ದು ಕೊಟ್ಟು ಪುನಃ ಅದೇ ಸ್ಕ್ಯಾನ್. ಗೋಡೆಯಲ್ಲಿ ಎಲ್ಲಿ ತೊಂದರೆ ಉಂಟೋ ಅಲ್ಲಿ ಮದ್ದು ನಿಂತು ಹೊಳಿತದೆ.

ಕಷ್ಟ ಎಂತ ಅಂದ್ರೆ, ಈ ಒಂದೊಂದು ಸ್ಕ್ಯಾನಿಗೂ ಏಳೆಂಟು ನಿಮಿಷ ಬೇಕು. ಮೊದಲ ನಿಮಿಷದ್ದೊಂದು, ಕೊನೆಯ ನಿಮಿಷದ್ದೊಂದು ಅಂತ ಬೇರೆ ಬೇರೆ ಫೋಟೋ ಅಲ್ಲ ಅದು. ಇಡೀ ಹೊತ್ತು ಸೇರಿ ಒಂದೇ ಚಿತ್ರ. ನಡುವೆ ಒಮ್ಮೆ ತಲೆ ಕೊಡವಿದ್ರೆ ಮೊದಲಿನಿಂದ ಕೊನೆವರೆಗೆ ಎಲ್ಲ ಕಲಸಿ ಸಾಂಬಾರು.

ನಾನು ಪ್ರೋಟೋಕಾಲ್ ಓದಿದೆ. ಎರಡು ಸಲ ಓದಿದೆ. ಎಲ್ಲಾ ಗೊತ್ತುಂಟು ಅಂತ ಆಯ್ತು. ನನಗೆ ಹಾಗೆ ಅನಿಸಿದ ದಿವಸವೆಲ್ಲ ಡಿಪಾರ್ಟ್‌ಮೆಂಟಿಗೆ ಕಂಟಕ ಉಂಟು.

ಪೇಷೆಂಟ್ ಬಂದದ್ದು ಮೇಲಿನ ವಾರ್ಡಿನಿಂದ, ವೀಲ್‌ಚೇರಿನಲ್ಲಿ. ನಲ್ವತ್ತರ ಮೇಲಿನ ಹೆಂಗಸು, ಪಣಂಬೂರಿನವರು, ಪೇಟೆಯಲ್ಲಿ ಮೀನು ಮಾರುವವರು. ನಾನು ಅವರನ್ನು ಅಕ್ಕ ಅಂತ ಕರೆದೆ, ಇಲ್ಲೂ ಹಾಗೆಯೇ ಕರೀತೇನೆ. ಕೆಲವು ವಾರದಿಂದ ತಲೆನೋವು ಇತ್ತಂತೆ. ಒಂದು ದಿವಸ ಅಂಜಲ್ ಮೀನು ತುಂಡು ಮಾಡುವಾಗ ಎಡಗೈ ಮೀನನ್ನು ಬಿಟ್ಟೇಬಿಟ್ಟಿತು. ಸ್ವಲ್ಪ ಹೊತ್ತಿನಲ್ಲಿ ಸರಿ ಆಯ್ತು, ಆಮೇಲೆ ಪುನಃ ಹಾಗೆಯೇ ಆಯ್ತು. ಆಂಜಿಯೋದಲ್ಲಿ ಮೆದುಳಿನ ಬಲಬದಿಯ ಒಂದು ನಾಳ ಖಂಡಿತ ಸಪೂರ, ಇನ್ನೊಂದು ಕಡೆ ಸಂಶಯ.

ನ್ಯೂರೋ ಡಾಕ್ಟ್ರ ತಲೆಬಿಸಿ ಇದ್ದದ್ದು ಇಲ್ಲಿ. ನಾಳದ ಗೋಡೆಗೇ ಉರಿಯೂತ ಆಗಿದ್ರೆ ನಾಳೆಯಿಂದಲೇ ದೊಡ್ಡ ಪ್ರಮಾಣದ ಸ್ಟೀರಾಯ್ಡ್, ಆಮೇಲೆ ತಿಂಗಳುಗಟ್ಟಲೆ ಶರೀರದ ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುವ ಡ್ರಿಪ್. ಒಂದು ಬದಿ ಕೊಬ್ಬು ಕಟ್ಟಿದ್ದು ಮಾತ್ರ ಆದ್ರೆ ರಕ್ತ ತೆಳು ಮಾಡುವ ಮಾತ್ರೆ, ಕೊಬ್ಬಿನ ಮಾತ್ರೆ, ಪಥ್ಯ. ಅಕ್ಕನಿಗೆ ಮೊದಲೇ ಶುಗರ್ ಉಂಟು. ತಪ್ಪಿ ಸ್ಟೀರಾಯ್ಡ್ ಕೊಟ್ರೆ ಶುಗರ್ ಆಕಾಶಕ್ಕೆ. ಕೊಡ್ಬೇಕಾದಲ್ಲಿ ಕೊಡದಿದ್ರೆ ಮುಂದಿನ ಸಲ ಕೈ ವಾಪಸ್ ಬಾರದೆಯೂ ಇರ್ಬಹುದು. ಬೆನ್ನಿನ ನೀರಿನ ಪರೀಕ್ಷೆ, ರಕ್ತ ಪರೀಕ್ಷೆ ಎಲ್ಲ ಚೆನ್ನಾಗಿ ಬಂದಿತ್ತು, ಆದ್ರೂ ಡಾಕ್ಟ್ರಿಗೆ ಸಮಾಧಾನ ಇಲ್ಲ. ಸಂಜೆಯ ಒಳಗೆ ಗೋಡೆ ನೋಡಿ ಹೇಳಿ ಅಂದಿದ್ರು.

ಇದೆಲ್ಲ ಅಕ್ಕನಿಗೂ ಗೊತ್ತಿತ್ತು. ಡಾಕ್ಟ್ರು ಬಿಡಿಸಿ ಹೇಳಿದ್ರಂತೆ.

"ಆ ದೊಡ್ಡ ಮದ್ದು ತಗೊಂಡ್ರೆ ಜನ ಸೇರುವಲ್ಲಿಗೆ ಹೋಗ್ಲಿಕ್ಕಿಲ್ಲವಂತೆ" ಅಂತ ನನ್ನನ್ನೇ ಕೇಳಿದ್ರು. "ಜನ ಸೇರದಿದ್ರೆ ನಾನು ಮೀನು ಯಾರಿಗೆ ಮಾರುದು? ಬೆಕ್ಕಿಗಾ?"

"ಮೊದ್ಲು ಫೋಟೋ ತೆಗಿಯುವ ಅಕ್ಕ. ಮದ್ದು ಬೇಕಾ ಬೇಡ್ವಾ ಅಂತ ಅದು ಹೇಳ್ತದೆ."

"ಒಳ್ಳೆದು ತೆಗಿ ಹಾಗಾದ್ರೆ. ಆಧಾರ್ ಕಾರ್ಡಿನ ಹಾಗೆ ತೆಗಿಬೇಡ."

ಒಳಗೆ ಹೋಗುವ ಮೊದಲು ಲೋಹ ಎಲ್ಲ ತೆಗಿಬೇಕು. ಈ ಕೆಲಸ ನಮ್ಮ ಸಿಸ್ಟರಿಂದು. ಕೊಂಕಣಿ ಮಾತಾಡುವ ಸಿಸ್ಟರ್, ಗಲ್ಫಿನಲ್ಲಿ ತುಂಬ ವರ್ಷ ಇದ್ದು ಬಂದವರು, ನನ್ನನ್ನು ಪುತಾ ಅಂತ ಕರೀತಾರೆ, ಮಗ ಅಂತ. ಬೈಯುವಾಗಲೂ ಹಾಗೆಯೇ ಕರೀತಾರೆ, ಹಾಗಾಗಿ ನನಗೆ ಇಡೀ ದಿವಸ ಕೇಳ್ತಾ ಇರ್ತದೆ. ಅಕ್ಕನ ಕರಿಮಣಿಯಿಂದ, ಬಳೆಯಿಂದ ಸಿಸ್ಟರ್ ಸೇಫ್ಟಿಪಿನ್ ತೆಗೆದು ತೆಗೆದು ಟ್ರೇಗೆ ಹಾಕಿದ್ರು. ಒಂದು ಫ್ಯಾನ್ಸಿ ಸ್ಟೋರ್ ಇಡ್ಲಿಕ್ಕೆ ಸಾಕಾಗುವಷ್ಟು ಇತ್ತು. ಮೂಗುತಿ ಮಾತ್ರ ಬರ್ಲಿಲ್ಲ. ಮದುವೆಯ ನಂತರ ತಿರುಪು ಬಿಚ್ಚಿದ್ದೇ ಇಲ್ಲವಂತೆ. ಚಿನ್ನ ಆದ್ರೂ ಮುಖದ ಹತ್ತಿರ ಇದ್ರೆ ಚಿತ್ರಕ್ಕೆ ತೊಂದರೆ. ಸಿಸ್ಟರ್ ತೆಂಗಿನೆಣ್ಣೆ ಹಾಕಿ ಬಹಳ ಹೊತ್ತು ತಿರುಗಿಸಿದ್ರು, ಬಂತು. ನಾನು ಸಹಾಯ ಮಾಡ್ತೇನೆ ಅಂತ ಹೋಗಿ ಅದನ್ನು ಕೈಯಲ್ಲಿ ಹಿಡಿದೆ, ಎಣ್ಣೆಗೆ ಜಾರಿ ನೆಲಕ್ಕೆ ಬಿತ್ತು. ಆಮೇಲೆ ನಾನು ಕುರ್ಚಿಯಡಿ ನಾಲ್ಕು ಕಾಲಿನಲ್ಲಿ ಹೋಗುದನ್ನು ನೋಡಿ ಹೊರಗೆ ಮೊಣಕಾಲಿನ ಸ್ಕ್ಯಾನಿಗೆ ಕಾಯ್ತಾ ಇದ್ದ ಒಬ್ರು ಅಜ್ಜ, "ಇವ್ರೇ ತೆಗಿಯುದಾ ನನ್ನದೂ?" ಅಂತ ಕೇಳಿದ್ರು.

ಮೂಗುತಿ ಸಿಕ್ಕಿತು. ಅಕ್ಕನನ್ನು ಮಲಗಿಸಿದೆ. ಕಿವಿಗೆ ಹೆಡ್‌ಫೋನ್, ತಲೆಯ ಎರಡೂ ಬದಿ ಸ್ಪಂಜು, ಮುಖದ ಮೇಲೆ ಕಾಯಿಲ್, ಅಂದ್ರೆ ಸಿಗ್ನಲ್ ಹಿಡಿಯುವ ಗೂಡಿನಂತಹ ಸಾಧನ. ಕೈಗೆ ಒತ್ತುವ ಬಲ್ಬು. "ಹೆದರಿಕೆ ಆದ್ರೆ ಇದನ್ನು ಒತ್ತಿ. ಬಾಯಿ ತೆರಿಬೇಡಿ, ತಲೆ ಅಲ್ಲಾಡಿಸ್ಬೇಡಿ, ಆಯ್ತಾ?"

"ಆಯ್ತು" ಅಂದ್ರು ಅಕ್ಕ.

ಮೊದಲಿನ ಸಣ್ಣ ಸ್ಕ್ಯಾನ್‌ಗಳು ಸಲೀಸು. ಆಮೇಲೆ ಗೋಡೆಯದ್ದು ಶುರು ಮಾಡಿದೆ. ಯಂತ್ರ ಬಡಿಲಿಕ್ಕೆ ಶುರು ಮಾಡಿತು. ನನಗೆ ಒಂದು ಅಭ್ಯಾಸ ಉಂಟು, ಪೇಷೆಂಟ್ ಒಳಗಿರುವಾಗ ಧೈರ್ಯ ಹೇಳ್ತಾ ಇರುದು. ಮೈಕಿನ ಬಟನ್ ಒತ್ತಿ, "ತುಂಬ ಚೆನ್ನಾಗಿ ಮಾಡ್ತಾ ಇದ್ದೀರಿ ಅಕ್ಕ" ಅಂತೇನೆ. ಸ್ವಲ್ಪ ಕಳೆದು, "ಆರಾಮ ಇದ್ದೀರಲ್ವಾ?" ಅಂತೇನೆ. ಗಾಜಿನಿಂದ ಆಚೆ ನೋಡಿದ್ರೆ ಅಕ್ಕನ ಕಾಲು ಕಾಣ್ತದೆ. ಪಾದ ಒಂದು ಚೂರು ಅಲ್ಲಾಡ್ಲಿಲ್ಲ. ಭೇಷ್ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಚಿತ್ರ ಬಂತು. ಮಂಜು ಬಿದ್ದ ಕನ್ನಡಿಯಲ್ಲಿ ಕುಂಬಳಕಾಯಿ ನೋಡಿದ ಹಾಗೆ ಇತ್ತು. ನಾಳದ ಗೋಡೆ ಬಿಡಿ, ಮೂಗು ಯಾವ ಬದಿ ಅಂತ ಹುಡುಕ್ಬೇಕು.

ಇಂಥ ಹೊತ್ತಿನಲ್ಲಿ ಬುದ್ಧಿ ಇದ್ದವ ಮೊದಲು ಪೇಷೆಂಟನ್ನು ನೋಡ್ತಾನೆ. ನಾನು ಯಂತ್ರವನ್ನು ನೋಡಿದೆ. ಕಾಯಿಲಿನ ಪ್ಲಗ್ ಕಿತ್ತು ಪುನಃ ಹಾಕಿದೆ. ಅಕ್ಕನ ತಲೆಗೆ ಇನ್ನೂ ನಾಲ್ಕು ಸ್ಪಂಜು ತುರುಕಿಸಿದೆ, ಅರಬ್ ದೇಶಕ್ಕೆ ಕಳಿಸುವ ಗಾಜಿನ ಸಾಮಾನಿನ ಹಾಗೆ. ಎರಡನೆಯ ಸಲ ಓಡಿಸಿದೆ, ಇನ್ನೂ ಹೆಚ್ಚು ಧೈರ್ಯ ಹೇಳಿದೆ. ಚಿತ್ರ ಇನ್ನೂ ಹಾಳಾಯ್ತು. ಆಗ ನನ್ನ ಸಂಶಯ ನಂತೂರು ಜಂಕ್ಷನಿನ ಲಾರಿಗಳ ಮೇಲೆ ಹೋಯ್ತು. ಅಲ್ಲಿ ಕಂಟೈನರ್ ತಿರುಗುವಾಗ ಭೂಮಿ ನಡುಗಿ ಫಳ್ನೀರಿನ ನಮ್ಮ ನೆಲಮಾಳಿಗೆಗೆ ಮುಟ್ಟುತ್ತದೋ ಎಂತದೋ. ಈ ಸಿದ್ಧಾಂತವನ್ನು ಸರ್ವಿಸ್ ಇಂಜಿನಿಯರಿಗೆ ಫೋನ್ ಮಾಡಿ ಹೇಳಿದೆ ಸಹ.

ಅವ ತಾಳ್ಮೆಯಿಂದ ಕೇಳಿದ. "ಪೇಷೆಂಟ್ ಅಲ್ಲಾಡಿದ್ದಾ?"

"ಇಲ್ಲವೇ ಇಲ್ಲ. ನಾನು ಇಡೀ ಹೊತ್ತು ನೋಡ್ತಾ ಇದ್ದೆ. ಕಾಲು ಕಲ್ಲಿನ ಹಾಗೆ ಇತ್ತು."

"ಸ್ಕ್ಯಾನ್ ಕಾಲಿಂದಾ?"

ನಾನು ಫೋನ್ ಇಟ್ಟೆ.

ಅಷ್ಟರಲ್ಲಿ ಮೇಡಂ ಬಂದ್ರು. ಎರಡೂ ಚಿತ್ರ ನೋಡಿದ್ರು, ಬೈಯಲಿಲ್ಲ. ಬೈಯದಿದ್ರೆ ನನಗೆ ಹೆಚ್ಚು ಹೆದರಿಕೆ. ಕಿವಿಗೆ ಪ್ಲಗ್ ಹಾಕಿಕೊಂಡು, ವಾಚು ಮೊಬೈಲ್ ಎಲ್ಲ ಟೇಬಲಿನಲ್ಲಿ ಇಟ್ಟು, "ನಾನು ಒಳಗೆ ನಿಲ್ತೇನೆ. ನೀನು ಈಗ ಮಾಡಿದ ಹಾಗೆಯೇ ಮಾಡು" ಅಂದ್ರು. ಹೋಗಿ ಯಂತ್ರದ ಆಚೆ ಬಾಯಿಯ ಹತ್ತಿರ, ಅಕ್ಕನ ತಲೆ ಕಾಣುವಲ್ಲಿ ಬಗ್ಗಿ ನಿಂತ್ರು.

ನಾನು ಸ್ಕ್ಯಾನ್ ಶುರು ಮಾಡಿದೆ. ಬಟನ್ ಒತ್ತಿದೆ. "ಆರಾಮ ಇದ್ದೀರಲ್ವಾ ಅಕ್ಕ?"

ಗಾಜಿನಾಚೆ ಮೇಡಂ ಎರಡೂ ಕೈ ಎತ್ತಿ ನಿಲ್ಲಿಸು ನಿಲ್ಲಿಸು ಅಂದ್ರು. ಹೊರಗೆ ಬರುವಾಗ ಅವರ ಮುಖ ಕೆಂಪಾಗಿತ್ತು. ಕೋಪ ಅಂತ ಗ್ರಹಿಸಿದೆ. ಅಲ್ಲ, ನಗೆ ತಡೆದದ್ದು.

"ನೀನು ಕೇಳುವಾಗೆಲ್ಲ ಅವರು ಹೌದು ಅಂತ ತಲೆ ಹಾಕ್ತಾರೆ ಮಾರಾಯ."

ನಾನು ಒಳಗೆ ಓಡಿದೆ. "ಅಕ್ಕ, ತಲೆ ಅಲ್ಲಾಡಿಸ್ಬೇಡಿ ಅಂತ ಹೇಳಿದ್ದೆ ಅಲ್ವಾ?"

"ನಾನೆಲ್ಲಿ ಅಲ್ಲಾಡಿಸಿದೆ?"

"ನಾನು ಮಾತಾಡುವಾಗ."

"ಮತ್ತೆ?" ಅಕ್ಕನಿಗೆ ನಿಜವಾಗಿಯೂ ಆಶ್ಚರ್ಯ. "ನೀನು ಅಷ್ಟು ಪ್ರೀತಿಯಲ್ಲಿ ಕೇಳ್ತಿ. ಬಾಯಿ ತೆರಿಬಾರ್ದು ಅಂತ ನೀನೇ ಹೇಳಿದ್ದಿ. ತಲೆಯಾದ್ರೂ ಹಾಕದಿದ್ರೆ ಈ ಹೆಂಗಸಿಗೆ ಎಷ್ಟು ಸೊಕ್ಕು ಅಂತ ಗ್ರಹಿಸುದಿಲ್ವಾ ನೀನು?"

ಬಾಗಿಲಲ್ಲಿ ನಿಂತಿದ್ದ ಸಿಸ್ಟರ್, "ಸಾಯ್ಬಾ!" ಅಂತ ದೇವರನ್ನು ಕರೆದ್ರು. "ಪುತಾ, ನೀನು ಬಾಯಿ ಮುಚ್ಚಿದ್ರೆ ಮೊದಲನೆಯದ್ದೇ ಸರಿಯಾಗ್ತಿತ್ತು."

ಮೂರು ಜನ ಹೆಂಗಸರ ನಡುವೆ ನಿಂತು ನಾನು ಕೆಮ್ಮಿದೆ.

ತೀರ್ಮಾನ ಆಯ್ತು, ಇನ್ನು ನಾನು ಮೈಕಿನಲ್ಲಿ ಒಂದಕ್ಷರ ಮಾತಾಡ್ಲಿಕ್ಕಿಲ್ಲ. ಸಿಸ್ಟರ್ ಮೈಕಿನ ಬಟನಿಗೆ ಅಡ್ಡ ಹತ್ತಿಯ ಉಂಡೆ ಇಟ್ರು, ನನ್ನ ಮೇಲೆ ಅಷ್ಟು ನಂಬಿಕೆ. ಪುನಃ ಶುರು. ನನಗೆ ಅಷ್ಟು ಹೊತ್ತು ಸುಮ್ಮನೆ ಕೂತು ಗೊತ್ತಿಲ್ಲ. ನಾಲಿಗೆ ತುರಿಸ್ತಾ ಇತ್ತು. ಆದ್ರೂ ಸ್ಕ್ಯಾನ್ ಚಂದ ಹೋಗ್ತಾ ಇತ್ತು, ಮೇಡಂ ನನ್ನ ಕಡೆ ನೋಡಿ ಈಗ ಗೊತ್ತಾಯ್ತಾ ಅನ್ನುವ ಹಾಗೆ ಹುಬ್ಬು ಹಾರಿಸಿದ್ರು. ಅರ್ಧ ದಾಟಿರ್ಬೇಕು. ಬಲ್ಬಿನ ಅಲಾರಂ ಕೂಗಿತು.

ನಿಲ್ಲಿಸಿ ಅಕ್ಕನನ್ನು ಹೊರಗೆ ಎಳೆದೆವು. ಕಣ್ಣಲ್ಲಿ ನೀರು. ಬಲಗೈ ಎಡಗೈಯನ್ನು ಗಟ್ಟಿ ಹಿಡ್ಕೊಂಡಿತ್ತು.

"ಎಲ್ಲ ಬಿಟ್ಟು ಹೋದ್ರು ಅಂತ ಗ್ರಹಿಸಿದೆ" ಅಂದ್ರು. ಮೊದಲಿನ ಸ್ವರ ಇರ್ಲಿಲ್ಲ. "ಮೊದಲು ಈ ಹುಡುಗ ಮಾತಾಡ್ತಿದ್ದ. ಈಗ ಯಾರೂ ಇಲ್ಲ. ಬಡಿಯುದು ಮಾತ್ರ. ಎಲ್ಲಿಗೆ ಮುಟ್ಟಿತು, ಇನ್ನು ಎಷ್ಟು ಉಂಟು, ಒಂದೂ ಗೊತ್ತಾಗುದಿಲ್ಲ. ಕೈ ಪುನಃ ಬಿಟ್ಟು ಹೋದ ಹಾಗೆ ಆಯ್ತು ಒಮ್ಮೆ."

ಮೇಡಂ ಕೂಡಲೇ ಎಡಗೈ ಹಿಡಿದು, "ನನ್ನ ಬೆರಳು ಒತ್ತಿ ನೋಡುವ" ಅಂದ್ರು. ಒತ್ತಿದ್ರು. ಶಕ್ತಿ ಇತ್ತು. ಹೆದರಿಕೆ ಅಷ್ಟೇ. ಆದ್ರೆ ಆ ಹೆದರಿಕೆ ಸುಮ್ಮನೆ ಬಂದದ್ದಲ್ಲ ಅಂತ ನಮಗೆಲ್ಲ ಗೊತ್ತಿತ್ತು.

ಹೊರಗೆ ಬಂದು ಮೇಡಂ ಕುರ್ಚಿಯಲ್ಲಿ ಕೂತ್ರು. ಮಂಪರಿನ ಮದ್ದು ಕೊಟ್ಟು ಮಾಡುವ ಅಂದ್ರೆ ಅಕ್ಕ ತಿಂಡಿ ತಿಂದಾಗಿದೆ, ಅರಿವಳಿಕೆ ಡಾಕ್ಟ್ರು ಆಪರೇಷನ್ ಥಿಯೇಟರಿನಲ್ಲಿ. ಬೇಗ ಮುಗಿಯುವ ಸ್ಕ್ಯಾನ್ ಮಾಡುವ ಅಂದ್ರೆ ಚಿತ್ರ ದಪ್ಪ ಬರ್ತದೆ, ಗೋಡೆ ಕಾಣುದಿಲ್ಲ, ಮಾಡಿಯೂ ಪೊಕ್ಕಡೆ, ಸುಮ್ಮನೆ ದಂಡ. ಎಲ್ಲಕ್ಕಿಂತ ದೊಡ್ಡ ವಿಷಯ ಕಾಂಟ್ರಾಸ್ಟ್. ಅದನ್ನು ಒಮ್ಮೆ ಕೊಟ್ಟ ಮೇಲೆ ಸ್ಕ್ಯಾನ್ ಹಾಳಾದ್ರೆ ಆ ದಿವಸಕ್ಕೆ ಮುಗಿಯಿತು. ಪುನಃ ಬೇಕೂಂತ ಕೂಡಲೇ ಕೊಡ್ಲಿಕ್ಕೆ ಆಗುದಿಲ್ಲ, ಕೆಲವು ದಿವಸ ಕಾಯ್ಬೇಕು. ಡಾಕ್ಟ್ರು ಅಷ್ಟು ದಿವಸ ಕಾಯ್ಲಿಕ್ಕೆ ತಯಾರಿಲ್ಲ. ಚಿತ್ರ ಇಲ್ಲದಿದ್ರೆ ನಾಳೆ ಸ್ಟೀರಾಯ್ಡ್ ಶುರು ಮಾಡುದೇ.

"ಮಾತಾಡಿದ್ರೆ ತಲೆ ಹಾಕ್ತಾರೆ, ಮಾತಾಡದಿದ್ರೆ ಹೆದರ್ತಾರೆ" ಅಂದ್ರು ಮೇಡಂ. "ಎಂತ ಮಾಡುದು ಈಗ?"

ನಾನು ಯೋಚನೆ ಮಾಡಿದೆ. ನನಗೆ ಅಪರೂಪ, ಹಾಗಾಗಿ ಸ್ವಲ್ಪ ಹೊತ್ತು ಹಿಡಿಯಿತು. ಆರಾಮ ಇದ್ದೀರಾ ಅಂತ ನಾನು ಕೇಳ್ತಾ ಇದ್ದದ್ದು ಅವರ ಧೈರ್ಯಕ್ಕಾ, ನನ್ನ ಧೈರ್ಯಕ್ಕಾ? ಅವರಿಗೆ ಬೇಕಾಗಿದ್ದದ್ದು ಕೇಳುವವರಲ್ಲ. ಎಲ್ಲಿಗೆ ಮುಟ್ಟಿತು ಅಂತ ಹೇಳುವವರು. ಹೇಳ್ಬೇಕು, ಆದ್ರೆ ಅದಕ್ಕೆ ಯಾರೂ ಉತ್ತರ ಕೊಡುವ ಕ್ರಮ ಇರ್ಬಾರ್ದು. ನಮ್ಮ ಊರಿನಲ್ಲಿ ಅಂಥ ಮಾತು ಯಾರದ್ದುಂಟು?

ಅಕ್ಕನ ಹತ್ತಿರ ಹೋದೆ. "ಅಕ್ಕ, ಪೇಟೆಗೆ ಎಂತದ್ರಲ್ಲಿ ಬರುದು ನೀವು?"

"ಬಸ್ಸಿನಲ್ಲಿ. ಮತ್ತೆ ವಿಮಾನದಲ್ಲಾ?"

"ಎಲ್ಲಿ ಇಳಿಯುದು?"

"ಹಂಪನಕಟ್ಟೆ."

"ಕಂಡಕ್ಟರ್ ಕುಳೂರು ಕುಳೂರು ಅಂತ ಕೂಗುವಾಗ ನೀವು ತಲೆ ಹಾಕ್ತೀರಾ?"

ಅಕ್ಕ ನನ್ನನ್ನು ಹುಚ್ಚನನ್ನು ನೋಡಿದ ಹಾಗೆ ನೋಡಿದ್ರು. "ಅವನಿಗೆ ಯಾರು ತಲೆ ಹಾಕ್ತಾರೆ? ಅವ ಅವನಷ್ಟಕ್ಕೆ ಕೂಗ್ತಾನೆ. ಎಷ್ಟೋ ಸಲ ನಾನು ಕಣ್ಣು ಮುಚ್ಚಿ ಕೂತಿರ್ತೇನೆ. ಇಳಿಲಿಕ್ಕೆ ಆದ್ರೆ ಮಾತ್ರ ಏಳುದು."

"ಸರಿ. ಈಗ ನಾನು ಕಂಡಕ್ಟರ್. ಪಣಂಬೂರಿನಿಂದ ಬಿಡ್ತೇನೆ. ಹಂಪನಕಟ್ಟೆ ಅಂತ ನಾನು ಹೇಳಿದ ಮೇಲೆ ಮಾತ್ರ ನೀವು ಅಲ್ಲಾಡುದು. ನಡುವೆ ಎಂತ ಕೂಗಿದ್ರೂ ನಿಮಗೆ ಸಂಬಂಧ ಇಲ್ಲ."

ಸಿಸ್ಟರ್ ಶಿಲುಬೆಯ ಗುರುತು ಹಾಕಿಕೊಂಡ್ರು. ಮೇಡಂ ಮಾತ್ರ, "ಕಾಂಟ್ರಾಸ್ಟಿಗೆ ಮೊದಲಿನದ್ದು ಒಂದು ಓಡಿಸು. ಅದು ಸರಿ ಬಂದ್ರೆ ಮದ್ದು ಹಾಕುವ. ಇಲ್ಲದಿದ್ರೆ ಇಲ್ಲ" ಅಂದ್ರು.

ಹತ್ತಿಯ ಉಂಡೆ ತೆಗೆದೆ. ಕಾಲೇಜಿನಲ್ಲಿ ನನಗೆ ಬರ್ತಿದ್ದ ಒಂದೇ ವಿದ್ಯೆ ಕಂಡಕ್ಟರಿನ ಸ್ವರ. ಪಾಠದಲ್ಲಿ ಸಿಗದ ಮಾರ್ಕ್ ಎಲ್ಲ ಅದರಲ್ಲಿ ಸಿಕ್ಕಿತ್ತು. ಮೂಗಿನಿಂದ ಎತ್ತಿದೆ. "ಪಣಂಬೂರ್ ಪಣಂಬೂರ್ ಪಣಂಬೂರ್! ರೈಟ್ ಪೋಯಿ!"

ಯಂತ್ರ ಬಡಿಲಿಕ್ಕೆ ಶುರು ಮಾಡಿತು. ನಿಜ ಹೇಳ್ತೇನೆ, ನಮ್ಮ ಸಿಟಿ ಬಸ್ಸಿಗೂ ಅದಕ್ಕೂ ಶಬ್ದದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು ಕುಳೂರು. ಆಮೇಲೆ ಕೊಟ್ಟಾರ ಚೌಕಿ. ಲೇಡಿಹಿಲ್. ಪ್ರಶ್ನೆ ಇಲ್ಲ, ಅಕ್ಕ ಅಂತ ಕರೆಯುದಿಲ್ಲ, ಭೇಷ್ ಅನ್ನುದಿಲ್ಲ. ಒಳಗೆ ನಿಂತ ಮೇಡಂ ಕೈಬೆರಳು ಅಲ್ಲಾಡದ ಹಾಗೆ ಎತ್ತಿ ಹಿಡಿದಿದ್ರು, ತಲೆ ಅಲ್ಲಾಡ್ತಾ ಇಲ್ಲ ಅಂತ ಅರ್ಥ. ಲಾಲ್‌ಬಾಗ್. ಕೊಡಿಯಾಲ್‌ಬೈಲ್. ಸ್ಕ್ಯಾನ್ ಮುಗಿಯಿತು. "ಹಂಪನಕಟ್ಟೆ! ಇಳಿರಿ ಇಳಿರಿ!"

ಒಳಗಿನಿಂದ ಅಕ್ಕನ ಸ್ವರ ಬಂತು. "ಚಿಲ್ಲರೆ ಕೊಡು ಮಾರಾಯ."

ಚಿತ್ರ ತೆರೆದದ್ದೇ ನಾನು ಕುರ್ಚಿಯಲ್ಲಿ ಒಮ್ಮೆ ತಿರುಗಿದೆ. ರಕ್ತ ಕಪ್ಪು, ನೀರು ಕಪ್ಪು, ನಡುವೆ ಪೆನ್ಸಿಲಿನಲ್ಲಿ ಎಳೆದ ಹಾಗೆ ಗೋಡೆ. ಮೇಡಂ ಬಗ್ಗಿ ನೋಡಿದ್ರು. ಆಮೇಲೆ ಸಿಸ್ಟರ್ ಕಡೆ ತಿರುಗಿ, "ಮದ್ದು ಹಾಕಿ" ಅಂದ್ರು.

ಇನ್ನು ಹಿಂದೆ ಹೋಗ್ಲಿಕ್ಕಿಲ್ಲ. ಕಾಂಟ್ರಾಸ್ಟ್ ಹೋಯ್ತು, ಅದು ಗೋಡೆಗೆ ಸೇರಲಿಕ್ಕೆ ಸ್ವಲ್ಪ ಕಾಯಬೇಕಾದ್ದು ಕಾದೆವು. ಪುನಃ ಪಣಂಬೂರಿನಿಂದ ಬಿಟ್ಟೆ.

ಇಲ್ಲಿ ನನ್ನ ಉತ್ಸಾಹ ಕೈಕೊಟ್ಟಿತು. ಮೊದಲನೆಯ ಟ್ರಿಪ್ ಅಷ್ಟು ಚಂದ ಹೋಯ್ತಲ್ಲ, ನನಗೆ ಪರ್ಮಿಟ್ ಸಿಕ್ಕಿದ ಖುಷಿ. ಟೈಮಿಂಗಿಗೆ ಓಡುವ ಎಕ್ಸ್‌ಪ್ರೆಸ್ ಡ್ರೈವರಿನ ಹಾಗೆ ಕುಳೂರು, ಕೊಟ್ಟಾರ, ಲೇಡಿಹಿಲ್ ಅಂತ ಎಳೆದೆ. ಕೊಡಿಯಾಲ್‌ಬೈಲ್ ಅಂತ ಕೂಗಿ ಸ್ಕ್ರೀನ್ ನೋಡಿದ್ರೆ ಸ್ಕ್ಯಾನ್ ಇನ್ನೂ ಅರ್ಧದ ಹತ್ತಿರ. ನನ್ನ ಹತ್ರ ಉಳಿದದ್ದು ಒಂದೇ ಸ್ಟಾಪು. ಅದನ್ನು ಹೇಳಿದ್ರೆ ಅಕ್ಕ ಎದ್ದು ಇಳಿತಾರೆ. ಹೇಳದೆ ಸುಮ್ಮನಾದ್ರೆ, ಹೋದ ಸಲದ ಹಾಗೆ, ಬಿಟ್ಟು ಹೋದ್ರು ಅಂತ ಬಲ್ಬು ಒತ್ತುತ್ತಾರೆ. ನರದಲ್ಲಿ ಮದ್ದು ಹೋಗಿ ಆಗಿದೆ. ಗಾಜಿನಾಚೆ ಮೇಡಂ ನನ್ನನ್ನು ನೋಡ್ತಿದ್ದಾರೆ. ಸಿಸ್ಟರ್ ಪಕ್ಕದಲ್ಲಿ, "ಎಂತ ಪುತಾ, ಪೆಟ್ರೋಲ್ ಮುಗಿಯಿತಾ?" ಅಂತ ಪಿಸುಗುಟ್ಟಿದ್ರು.

ಮೈಕಿನ ಬಟನ್ ಒತ್ತಿದೆ.

"ಬ್ಲಾಕ್ ಉಂಟು, ಬ್ಲಾಕ್! ಕೊಡಿಯಾಲ್‌ಬೈಲಿನಲ್ಲಿ ಫುಲ್ ಬ್ಲಾಕ್! ಕಾಲೇಜು ಬಿಟ್ಟಿದೆ, ಯಾರೂ ಇಳಿಬೇಡಿ, ಕೂತ್ಕೊಳ್ಳಿ!"

ಸ್ಕ್ಯಾನ್ ಎಷ್ಟು ಆಯ್ತು ಅಂತ ಸ್ಕ್ರೀನಿನಲ್ಲಿ ತೋರಿಸುವ ಗೆರೆ ನಿಧಾನ ಮುಂದೆ ಹೋಯ್ತು. ನಾನು ಎಂತದೆಲ್ಲ ಕೂಗಿದೆ ಅಂತ ಈಗ ನೆನಪಿಸಿಕೊಳ್ಳಲಿಕ್ಕೆ ನಾಚಿಕೆ ಆಗ್ತದೆ. ಮುಂದೆ ಒಂದು ರಿಕ್ಷಾ ಅಡ್ಡ ನಿಂತಿದೆ ಅಂದೆ. ರಿಕ್ಷಾದವನಿಗೆ ಬೈದೆ. ಪೊಲೀಸ್ ಬಂದ ಅಂದೆ. ರಿಕ್ಷಾ ಹೋಯ್ತು, ಈಗ ಒಂದು ಕಾರು ರಿವರ್ಸ್ ತೆಗೀತಾ ಉಂಟು, ಲೈಸೆನ್ಸ್ ಯಾರು ಕೊಟ್ಟದ್ದೋ ಅಂದೆ. ಬಸ್ಸು ಸ್ವಲ್ಪ ಮುಂದೆ ಹೋಯ್ತು, ಪುನಃ ನಿಂತಿತು. ಸಿಸ್ಟರ್ ಟೇಬಲಿನ ಮೇಲೆ ಮುಖ ಇಟ್ಟು ಹೆಗಲು ಕುಲುಕಿಸ್ತಾ ಇದ್ರು. ಮೇಡಂ ಹೆಡ್‌ಫೋನ್ ಹಾಕಿರ್ಲಿಲ್ಲ, ಅವರಿಗೆ ಎಂತದೂ ಕೇಳುದಿಲ್ಲ, ನಾನು ಎಂತಕ್ಕೆ ಕೈ ಬೀಸಿ ಜಗಳ ಮಾಡ್ತಿದ್ದೇನೆ ಅಂತ ಅರ್ಥ ಆಗದೆ ಗಾಬರಿಯಲ್ಲಿ ನೋಡ್ತಿದ್ರು. ಆದ್ರೂ ಬೆರಳು ಹಾಗೆಯೇ ಎತ್ತಿ ಹಿಡಿದಿದ್ರು. ಅಕ್ಕನ ತಲೆ ಅಲ್ಲಾಡ್ತಾ ಇಲ್ಲ.

ಗೆರೆ ಕೊನೆಗೆ ಮುಟ್ಟಿತು. ಹಂಪನಕಟ್ಟೆ ಅನ್ನುವಾಗ ನನ್ನ ಸ್ವರ ಒಡೆದು ಹೋಗಿತ್ತು.

ಮೇಡಂ ತಮ್ಮ ಕಂಪ್ಯೂಟರಿನಲ್ಲಿ ಕೂತು ನಾಳವನ್ನು ಅಡ್ಡಕ್ಕೆ ಕತ್ತರಿಸಿ ಕತ್ತರಿಸಿ ನೋಡ್ಲಿಕ್ಕೆ ಶುರು ಮಾಡಿದ್ರು. ಹಾಗೆ ನೋಡುವಾಗ ನಾಳ ಒಂದು ಸಣ್ಣ ಉಂಗುರದ ಹಾಗೆ ಕಾಣ್ತದೆ. ಉರಿಯೂತ ಆದ್ರೆ ಸಾಧಾರಣವಾಗಿ ಉಂಗುರ ಸುತ್ತಲೂ ಒಂದೇ ಹಾಗೆ ಹೊಳಿಬೇಕು. ನಾನು ಹಿಂದೆ ನಿಂತು ಇಣುಕಿದೆ. ಮೊದಲು ಸಂಶಯದ ಜಾಗ. ಅಲ್ಲಿ ಗೋಡೆ ತೆಳ್ಳಗೆ, ಹೊಳಪು ಇಲ್ಲ. ಆಂಜಿಯೋದಲ್ಲಿ ಸಪೂರ ಕಂಡದ್ದು ನಾಳ ತಿರುಗುವಲ್ಲಿ ರಕ್ತ ಸುಳಿ ಸುತ್ತಿದ್ದಕ್ಕೆ. ಆಮೇಲೆ ಖಂಡಿತ ಸಪೂರ ಇದ್ದ ಜಾಗ. ಉಂಗುರದ ಒಂದು ಬದಿ ದಪ್ಪ, ಆ ಬದಿ ಮಾತ್ರ ಹೊಳೀತಾ ಉಂಟು. ಉಳಿದ ಮುಕ್ಕಾಲು ಸುತ್ತು ಶುದ್ಧ.

"ಒಂದೇ ಬದಿ" ಅಂದ್ರು ಮೇಡಂ. ಪುನಃ ಒಮ್ಮೆ ಮೇಲೆ ಕೆಳಗೆ ಓಡಿಸಿ ನೋಡಿದ್ರು. "ಹೌದು. ಒಂದೇ ಬದಿ."

ನ್ಯೂರೋ ಡಾಕ್ಟ್ರಿಗೆ ಫೋನ್ ಮಾಡಿದ್ರು. ಯಾವ ಚಿತ್ರವೂ ನೂರಕ್ಕೆ ನೂರು ಹೇಳುದಿಲ್ಲ, ಆದ್ರೆ ಇದು ಕೊಬ್ಬು ಕಟ್ಟಿದ ಹಾಗೆಯೇ ಉಂಟು, ಉರಿಯೂತದ ಹಾಗೆ ಇಲ್ಲ, ಬೆನ್ನಿನ ನೀರೂ ಚೆನ್ನಾಗಿದೆಯಲ್ಲ ಅಂದ್ರು. ಡಾಕ್ಟ್ರು ತಮ್ಮ ಕಂಪ್ಯೂಟರಿನಲ್ಲೂ ತೆರೆದು ನೋಡಿದ್ರು. ಸುಮಾರು ಹೊತ್ತು ಇಬ್ಬರೂ ಒಂದೊಂದೇ ಉಂಗುರ ನೋಡಿ ಮಾತಾಡಿದ್ರು. ಕೊನೆಗೆ ಸ್ಪೀಕರಿನಲ್ಲಿ ಅವರ ಸ್ವರ ಬಂತು. "ಸರಿ. ನಾಳೆಯ ಸ್ಟೀರಾಯ್ಡ್ ಬೇಡ. ಮಾತ್ರೆಯಲ್ಲಿ ಹೋಗುವ, ಕೆಲವು ತಿಂಗಳು ಬಿಟ್ಟು ಪುನಃ ಒಮ್ಮೆ ಗೋಡೆ ನೋಡುವ. ಮತ್ತೆ, ಇಷ್ಟು ಕ್ಲೀನ್ ಇಮೇಜ್ ಹೇಗೆ ಬಂತು? ಮಂಪರು ಕೊಟ್ರಾ?"

ಮೇಡಂ ನನ್ನ ಮುಖ ನೋಡಿದ್ರು. "ಇಲ್ಲ ಡಾಕ್ಟ್ರೆ. ಆಮೇಲೆ ಹೇಳ್ತೇನೆ."

ಅಕ್ಕ ಹೊರಗೆ ವೀಲ್‌ಚೇರಿನಲ್ಲಿ ಕೂತಿದ್ರು. ಸಿಸ್ಟರ್ ಚಾ ತರಿಸಿ ಕೊಟ್ಟಿದ್ರು, ಶುಗರ್ ಇಲ್ಲದ್ದು, ಅದಕ್ಕೆ ಅಕ್ಕನ ಅಸಮಾಧಾನ ಉಂಟು. ಮೇಡಂ ಪಕ್ಕದಲ್ಲಿ ಕೂತು ತುಳುವಿನಲ್ಲಿ ನಿಧಾನ ಹೇಳಿದ್ರು. ಗೋಡೆ ಒಂದು ಬದಿ ದಪ್ಪ ಆಗಿದೆ. ಅದು ಸಣ್ಣ ವಿಷಯ ಅಲ್ಲ, ಮಾತ್ರೆ ಒಂದು ದಿವಸ ತಪ್ಪಿಸ್ಲಿಕ್ಕಿಲ್ಲ, ಶುಗರ್ ಹಿಡಿತದಲ್ಲಿ ಇರ್ಬೇಕು, ಹೊಗೆಸೊಪ್ಪು ಹಾಕುದು ಇವತ್ತಿಗೇ ಬಂದ್. ಆದ್ರೆ ಆ ದೊಡ್ಡ ಮದ್ದು ಬೇಡ. ಕೆಲವು ವಾರ ವಿಶ್ರಾಂತಿ, ಆಮೇಲೆ ಡಾಕ್ಟ್ರು ನೋಡಿ ಹೇಳಿದ ಮೇಲೆ ಮಾರ್ಕೆಟ್ಟಿಗೆ ಹೋಗ್ಬಹುದು.

ಅಕ್ಕ ಚಾದ ಲೋಟವನ್ನು ಬಲಗೈಯಿಂದ ಎಡಗೈಗೆ ದಾಟಿಸಿದ್ರು. ಹಿಡಿದು ನೋಡಿದ್ರು. ಆಮೇಲೆ, "ಫೋನ್ ಕೊಡಿ" ಅಂದ್ರು.

ಅಕ್ಕನ ಗಂಡ ಆಳಸಮುದ್ರಕ್ಕೆ ಹೋದ ಬೋಟಿನಲ್ಲಿದ್ರು, ವಿಷಯ ತಿಳಿದು ದಡಕ್ಕೆ ಬಂದು ಈಗಷ್ಟೇ ಬಂದರಿನ ಧಕ್ಕೆಯಲ್ಲಿ ಇಳಿದಿದ್ದಾರಂತೆ. ಸಿಸ್ಟರ್ ಲಾಕರಿನಿಂದ ಫೋನ್ ತಂದುಕೊಟ್ರು. ಒಂದು ರಿಂಗ್ ಪೂರ್ತಿ ಆಗ್ಲಿಲ್ಲ, ಆಚೆಯಿಂದ ಎತ್ತಿದ್ರು. ಅಕ್ಕ ತುಳುವಿನಲ್ಲಿ ಮಾತಾಡಿದ್ದು, ಬೋಟಿನ ಇಂಜಿನ್ನಿಗೂ ಕೇಳುವ ಹಾಗೆ.

"ಹಾಂ, ಆಯ್ತು. ಗೋಡೆ ನೋಡಿದ್ರು... ಮನೆಯದ್ದಲ್ಲ ಮಾರಾಯ್ರೆ, ಮಂಡೆಯ ಒಳಗಿನದ್ದು. ಒಂದು ಬದಿ ಮಾತ್ರ ಹಾಳಾಗಿದೆಯಂತೆ, ಬಾಕಿ ಎಲ್ಲ ಒಳ್ಳೆದುಂಟಂತೆ... ಇಲ್ಲ, ಆ ಮದ್ದು ಬೇಡವಂತೆ. ಬೇಡ ಅಂತ ಹೇಳಿದ್ರು. ಬೇ-ಡ... ಹಲೋ? ಹಲೋ, ಕೇಳ್ತದಾ?"

ಅಕ್ಕ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದ್ರು. ಆಚೆಯಿಂದ ಮಾತು ಬರ್ತಾ ಇರ್ಲಿಲ್ಲ. ಬೇರೆ ಎಂತದೋ ಶಬ್ದ ಬರ್ತಾ ಇತ್ತು. ನಾವು ಮೂವರೂ ಎಲ್ಲೆಲ್ಲೋ ನೋಡಿದೆವು.

"ಎಂತ ನೀವು" ಅಂದ್ರು ಅಕ್ಕ, ಈಗ ಸ್ವರ ತಗ್ಗಿಸಿ. "ನೀವು ಎಂತಕ್ಕೆ ಅಳುದು? ಮಂಡೆ ನನ್ನದಲ್ವಾ?"